ಚಿಕ್ಕಮ್ಮನ ಅನಾನಸ್ ಭರಣಿ

ನಿನ್ನೆ ಶಿರಸಿಯ ನಮ್ಮ ಅಡುಗೆಮನೆಯಲ್ಲಿ, ಮೊದಲ ಸಲ ನಾನೇ ಮಾಡಿದ ಅನಾನಸ್ ವೈನಿನ ಮುಚ್ಚಳ ತೆಗೆದೆ. ಆ ಹುಳಿಸಿಹಿ ವಾಸನೆ ಬಂದದ್ದೇ ತಡ, ಸಿದ್ದಾಪುರದ ನಮ್ಮ ಹಳೇ ಮನೆಯ ಮೆತ್ತು, ಅಂದರೆ ಮಹಡಿ, ನೆನಪಾಯಿತು.

ನಾನಾಗ ಚಿಕ್ಕವಳು. ಚಿಕ್ಕಪ್ಪನ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೊಸ ಚಿಕ್ಕಮ್ಮ ದಿನವೂ ಊಟವಾದ ಮೇಲೆ ಮೆತ್ತು ಹತ್ತಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮಡಿಯ ಅಜ್ಜಿಗೆ ಅನುಮಾನ. ಚಿಕ್ಕಮ್ಮ ಇಳಿದು ಬಂದರೆ ಹತ್ತಿರ ಹೋಗಿ ಮೂಸುತ್ತಿದ್ದಳು. ಕೊನೆಗೊಂದು ದಿನ ನನ್ನನ್ನು ಕರೆದು, "ಕೂಸೆ, ಅದು ಅಲ್ಲಿ ಎಂತ ಮಾಡ್ತು, ನೋಡ್ಕಂಡು ಬಾ" ಎಂದಳು.

ಬಾಗಿಲ ಸಂದಿಯಲ್ಲಿ ಇಣುಕಿದೆ. ಚಿಕ್ಕಮ್ಮ ಭರಣಿಗೆ ಪೈಪು ಇಳಿಬಿಟ್ಟು, ಬಾಯಿಂದ ಎಳೆದು, ಹಳದಿ ರಸವನ್ನು ಬಾಟಲಿಗೆ ಬಿಡುತ್ತಿದ್ದಳು. ಓಡಿಹೋಗಿ ಹೇಳಿದೆ: "ಅಜ್ಜಿ, ಚಿಕ್ಕಮ್ಮ ಕುಡಿತಾ ಇದ್ದು!"

ಅಜ್ಜಿ ಧಡಧಡನೆ ಮೆತ್ತು ಹತ್ತಿದಳು. "ಅತ್ತೆ, ಎನ್ನ ತವರಿಗೆ ಕಳಸಡಿ, ದಮ್ಮಯ್ಯ. ಹಣ್ಣು ಹಾಳಾಗ್ತು ಹೇಳಿ ಮಾಡಿದ್ದು" ಎಂದು ಚಿಕ್ಕಮ್ಮ ಅತ್ತೇಬಿಟ್ಟಳು. ಯಾಕಾದರೂ ಹೇಳಿದೆನೋ ಎಂದು ನನಗೂ ಅಳು ಬಂತು.

ಅಜ್ಜಿ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಂಗೈಗೆ ನಾಲ್ಕು ಹನಿ ಬಗ್ಗಿಸಿ ನೆಕ್ಕಿದಳು.

"ಇನ್ನೂ ತಿಳಿ ಆಜಿಲ್ಲೆ. ಈಗ್ಲೇ ಬಿರಡೆ ಹಾಕಿರೆ ಬಾಟ್ಲಿ ಒಡಿತು. ವಾಪಸ್ ಭರಣಿಗೆ ಹೊಯ್ಯಿ, ಇನ್ನೊಂದು ತಿಂಗ್ಳು ಬಿಡು."

ಅಷ್ಟು ಹೇಳಿ ಇಳಿದುಹೋದಳು. ನಾನು, ಚಿಕ್ಕಮ್ಮ ಮುಖ ಮುಖ ನೋಡಿಕೊಂಡೆವು. ಅಂದಿನಿಂದ ನಮ್ಮಿಬ್ಬರ ಅನುಮಾನವೂ ಅಜ್ಜಿಯ ಮೇಲೆ. ಅಜ್ಜಿಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳುವ ಧೈರ್ಯ ಮಾತ್ರ ಕೊನೆಯವರೆಗೂ ಬರಲಿಲ್ಲ.

ನನ್ನ ವೈನು ತಿಂಗಳಾದರೂ ಮಬ್ಬಾಗಿಯೇ ಇದೆ. ಏನು ಮಾಡಲಿ ಎಂದು ಚಿಕ್ಕಮ್ಮನಿಗೆ ಫೋನು ಮಾಡಿದೆ. ಅವಳು ಹೇಳಿದಳು: "ಅತ್ತೆ ಇದ್ದಿದ್ರೆ ಕೇಳ್ಲಾಗಿತ್ತು."