ದೊಡ್ಡವ್ವನ ಮುಖದ ಅರಿಶಿಣ

ಮೊನ್ನೆ ಬಳ್ಳಾರಿಯ ಪಾರ್ಲರೊಂದರಲ್ಲಿ ಐಬ್ರೋ ಮಾಡಿಸಿಕೊಳ್ಳಲು ಕೂತಿದ್ದೆ. ಹುಬ್ಬಿನ ಕೆಲಸ ಮುಗಿಸಿದ ಹುಡುಗಿ, ನಾನು ಕಣ್ಣು ಮುಚ್ಚಿಕೊಂಡಿದ್ದನ್ನೇ ಒಪ್ಪಿಗೆ ಅಂದುಕೊಂಡಳೋ ಏನೋ, ಗಲ್ಲಕ್ಕೆ ತಣ್ಣಗಿನದೇನನ್ನೋ ಬಳಿದುಬಿಟ್ಟಳು. ಮೊದಲು ಹಾಲಿನ ಕೆನೆಯ ಜಿಡ್ಡು ವಾಸನೆ, ಅದರ ಬೆನ್ನಿಗೇ ಅರಿಶಿಣದ ಘಾಟು. ಕಣ್ಣು ಬಿಡುವಷ್ಟರಲ್ಲಿ ನಾನು ಸಿರುಗುಪ್ಪದ ನಮ್ಮ ಹಳೆಯ ಬಚ್ಚಲುಮನೆಗೆ ಹೋಗಿ ಬಂದಿದ್ದೆ. "ಹೊಸಾ ಪ್ಯಾಕ್ ರೀ ಮೇಡಂ, ಭಾಳ ಗ್ಲೋ ಬರತೈತಿ" ಎಂದಳು ಹುಡುಗಿ. ಪಾಪ, ಅವಳದೇನು ತಪ್ಪು. ಆದರೆ ಮುಖಕ್ಕೆ ಗ್ಲೋ ಬರುತ್ತದೆ, ಕಳೆ ಬರುತ್ತದೆ ಅನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಟವೆಲಿನಿಂದ ಸಿಕ್ಕಷ್ಟು ಒರೆಸಿಕೊಂಡು, ಒಂದು ಗಲ್ಲ ಹಳದಿಯಾಗಿಯೇ ಹೊರಗೆ ಬಂದು ಆಟೊ ಹತ್ತಿದೆ. ಆಟೊದವನು ಕನ್ನಡಿಯಲ್ಲಿ ನೋಡಿ ನೋಡಿ ನಕ್ಕ. ನಗಲಿ ಬಿಡಿ.

ಸಿರುಗುಪ್ಪದಲ್ಲಿ ನಮ್ಮ ಮನೆ ಇದ್ದದ್ದು ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ. ಅಪ್ಪ, ದೊಡ್ಡಪ್ಪ ಇಬ್ಬರೂ ಭತ್ತದ ವ್ಯಾಪಾರದಲ್ಲಿದ್ದರು. ಗಿರಣಿಯಲ್ಲಿ ಹೊಟ್ಟು ಸುಟ್ಟ ಕರಿಬೂದಿ ಗಾಳಿ ಬೀಸಿದ ಕಡೆಗೆಲ್ಲ ಹಾರಿಬಂದು ಒಣಹಾಕಿದ ಸೀರೆಯ ಮೇಲೆ, ಹಾಲಿನ ಪಾತ್ರೆಯಲ್ಲಿ, ಮಲಗಿದವರ ಮೂಗಿನಲ್ಲಿ ಕೂರುತ್ತಿತ್ತು. ಓಣಿಯ ಹೆಂಗಸರು ಸೆರಗಿನಿಂದ ಮುಖ ಒರೆಸಿಕೊಂಡು ಸುಮ್ಮನಾಗುತ್ತಿದ್ದರು. ದೊಡ್ಡಪ್ಪನ ಹೆಂಡತಿ, ನಮ್ಮ ದೊಡ್ಡವ್ವ ಮಾತ್ರ ಆ ಬೂದಿಯ ಮೇಲೆ ಜಿದ್ದಿಗೆ ಬಿದ್ದಿದ್ದಳು. ಬೆಳಿಗ್ಗೆ ಬಚ್ಚಲಿನ ಕಲ್ಲಿಗೆ ನೀರು ಚಿಮುಕಿಸಿ ಅರಿಶಿಣದ ಕೊಂಬು ತೇಯುವ ಸದ್ದು ಶುರುವಾಯಿತೆಂದರೆ ಇನ್ನು ಬಚ್ಚಲು ಯಾರಿಗೂ ಸಿಗುವುದಿಲ್ಲ ಎಂದೇ ಅರ್ಥ. ಕಡಲೆಹಿಟ್ಟಿಗೆ ಕೆನೆ ಹಾಕಿ ಕಲಸಿ ಮುಖ ಕುತ್ತಿಗೆ ತಿಕ್ಕುವುದು, ಆಮೇಲೆ ಅರಿಶಿಣ ಬಳಿಯುವುದು, ಅದು ಆರುವ ತನಕ ಮಾತಿಲ್ಲದೆ ಕೂರುವುದು, ಬಣ್ಣ ಪೂರಾ ಹೋಗದಂತೆ ಹಗುರವಾಗಿ ತೊಳೆಯುವುದು. ಅದರ ಮೇಲೆ ತೆಳ್ಳಗೆ ಪೌಡರು. ಹಣೆಗೆ ವಿಭೂತಿ, ಮೇಣ ಸವರಿ ಕುಂಕುಮ, ಹರಳೆಣ್ಣೆ ದೀಪಕ್ಕೆ ತಟ್ಟೆ ಕವುಚಿ ತಾನೇ ಹಿಡಿದ ಕಾಡಿಗೆ ಕಣ್ಣ ತುಂಬ. ಸಂಜೆಗೆ ಮತ್ತೆ ಮೊದಲಿನಿಂದ. ಮುಖಕ್ಕೆಂದೇ ಮಾರುವ ಕಸ್ತೂರಿ ಅರಿಶಿಣ ಅವಳಿಗೆ ಆಗುತ್ತಿರಲಿಲ್ಲ. ಅದು ಬಣ್ಣ ಬಿಡುವುದಿಲ್ಲ, ಹಚ್ಚಿಕೊಂಡದ್ದು ಯಾರಿಗೂ ಕಾಣುವುದಿಲ್ಲ ಎಂದು ತಕರಾರು. ಅಡುಗೆಯ ಅರಿಶಿಣವೇ ಆಗಬೇಕು. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿದ್ದರೆ ಎಷ್ಟು ಬಸ್ಸು ತಪ್ಪಿಸಿಕೊಂಡಿರುತ್ತೀರಿ ಎಂಬುದನ್ನು ನಾನು ಬೇರೆ ಹೇಳಬೇಕಿಲ್ಲ.

ಆ ಹಳದಿ ಮನೆಯಲ್ಲಿ ಹತ್ತದ ಜಾಗವಿರಲಿಲ್ಲ. ದಿಂಬಿನ ಚೀಲ ಹಳದಿ, ಕನ್ನಡಿಯ ಅಂಚು ಹಳದಿ, ಲೈಟಿನ ಸ್ವಿಚ್ಚು ಹಳದಿ. ಅವಳ ಇಬ್ಬರು ಗಂಡುಮಕ್ಕಳು ಅರಿಶಿಣ ಕಂಡರೆ ಓಟ ಕೀಳುತ್ತಿದ್ದುದರಿಂದ ಕೈಗೆ ಸಿಗುತ್ತಿದ್ದವಳು ನಾನೊಬ್ಬಳೇ. ಬೆಳಿಗ್ಗೆ ನನಗೆ ಜಡೆ ಹಾಕುವುದು ಅವಳ ಹಕ್ಕು. ಅರಿಶಿಣದ ಕೈಯಲ್ಲೇ ಹಾಕುತ್ತಿದ್ದಳು. ಬಿಳಿ ಯೂನಿಫಾರ್ಮಿನ ಕಾಲರು ಬಿಸ್ಕತ್ತಿನ ಬಣ್ಣಕ್ಕೆ ತಿರುಗಿ, ಶಾಲೆಯಲ್ಲಿ ಟೀಚರು ನನ್ನನ್ನು ಎದ್ದು ನಿಲ್ಲಿಸಿ ಬಟ್ಟೆ ಒಗೆಯುವುದಿಲ್ಲವೇ ಎಂದು ಕೇಳುತ್ತಿದ್ದರು. ಅಳುತ್ತಾ ಬಂದು ಹೇಳಿದರೆ ದೊಡ್ಡವ್ವ ನಗುತ್ತಿದ್ದಳು, ಅವ್ವ ಕಾಲರು ಉಜ್ಜುತ್ತಿದ್ದಳು. ಅವ್ವನದು ಸೋಪು, ನೀರು, ಮುಗಿಯಿತು. ಅಜ್ಜಿಗೆ ಇದು ಸುತರಾಂ ಸೇರುತ್ತಿರಲಿಲ್ಲ. ಹಿರಿಸೊಸೆ ಹೊರಗೆ ಬಂದರೆ ಮನೆಗೆ ಕಳೆ, ಕಿರಿಸೊಸೆಯ ಮುಖ ನೋಡಿದರೆ ಆರಿದ ರೊಟ್ಟಿಯ ನೆನಪಾಗುತ್ತದೆ ಎಂದು ಬಂದವರ ಎದುರಿಗೇ ಆಡುತ್ತಿದ್ದಳು. ಅವ್ವ ನಕ್ಕು ಒಳಗೆ ಹೋಗುತ್ತಿದ್ದಳು. ಈ ಓರಗಿತ್ತಿಯರಿಬ್ಬರಿಗೂ ಅದರಿಂದ ಮನಸ್ತಾಪ ಬಂದದ್ದನ್ನು ನಾನು ಕಾಣೆ. ಅವ್ವ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು, ಅಕ್ಕ ಎಂದೇ ತಿಳಿದಿದ್ದಳು.

ಒಮ್ಮೆ ನಾನು ರೇಗಿ, ಇಷ್ಟೊತ್ತು ಏನು ಬಳಿದುಕೊಳ್ಳುತ್ತೀ, ನಿನ್ನನ್ನು ಯಾರು ನೋಡುತ್ತಾರೆ ಎಂದು ಕೇಳಿದ್ದೆ. ದೊಡ್ಡವ್ವನಿಗೆ ಸಿಟ್ಟು ಬರಲಿಲ್ಲ. ಕಾಡಿಗೆಯ ಬೆರಳನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಾ, "ನನ್ನ ಮುಖ ನಾ ಎಷ್ಟೊತ್ತು ನೋಡಕೊಂತೀನಿ ಹೇಳು? ನೋಡೋರು ನೀವು. ಬಾಡಿದ ಮುಖ ತಂದು ನಿಮ್ಮ ಮುಂದ ಹೆಂಗ ಕೂಡಲಿ?" ಎಂದಳು. ಅವಳ ಸೌಂದರ್ಯದ ವಿಚಾರವೆಲ್ಲ ಇಷ್ಟೇ. ಜ್ವರ ಬಂದರೂ, ಹೊಟ್ಟೆನೋವಿದ್ದರೂ, ತವರಿನಲ್ಲಿ ಏನಾದರೂ ಹೆಚ್ಚುಕಮ್ಮಿಯಾದ ಸುದ್ದಿ ಬಂದರೂ ಅದು ಮುಖದಲ್ಲಿ ಕಾಣಬಾರದು. ಕಂಡರೆ ಎದುರಿಗಿದ್ದವರಿಗೆ ತೊಂದರೆ ಕೊಟ್ಟಂತೆ ಎಂದು ಅವಳ ಲೆಕ್ಕ. ಇಂಥ ಲೆಕ್ಕ ಹಾಕುವ ಹೆಂಗಸರ ಮೇಲೆ ನನಗೆ ಇವತ್ತಿಗೂ ಕೋಪವಿದೆ.

ನಾನಿನ್ನೂ ಶಾಲೆಗೆ ಹೋಗುತ್ತಿದ್ದಾಗ, ಒಂದು ವರ್ಷ ದಸರಾ ಕಳೆದ ಮೇಲೆ ದೊಡ್ಡವ್ವನಿಗೆ ಊಟ ಸೇರದಾಯಿತು. ಮೈಯೆಲ್ಲ ತುರಿಕೆ ಎನ್ನುತ್ತಿದ್ದಳು. ಗಿರಣಿಯ ಧೂಳು ಎಂದು ಅಪ್ಪ ಅಂದ, ವಯಸ್ಸು ಎಂದು ದೊಡ್ಡಪ್ಪ ಅಂದ. ಅಜ್ಜಿ ಇನ್ನಷ್ಟು ದಪ್ಪಗೆ ಅರಿಶಿಣ ಹಚ್ಚು, ತುರಿಕೆ ಹೋಗುತ್ತದೆ ಎಂದು ತಾನೇ ಕೂತು ತೇಯ್ದು ಕೊಡಲು ಶುರುಮಾಡಿದಳು. ಮುಖಕ್ಕಿದ್ದ ಅರಿಶಿಣ ಕೈಗೆ ಬಂತು, ಕಾಲಿಗೆ ಬಂತು. ದೊಡ್ಡವ್ವ ಮಧ್ಯಾಹ್ನ ಮಲಗತೊಡಗಿದ್ದು ಮಾತ್ರ ಹೊಸದು, ಅದುವರೆಗೆ ಹಗಲು ಮಲಗಿದವಳಲ್ಲ. ಸಂಜೆ ಎದ್ದು, ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ, ಎಲ್ಲ ಮುಗಿಸಿಕೊಂಡೇ ಕಟ್ಟೆಗೆ ಬರುತ್ತಿದ್ದಳು. ಓಣಿಯ ಹೆಂಗಸರು ಅವಳನ್ನು ನೋಡಿ ಬಾಯ್ತುಂಬ ಹೊಗಳುತ್ತಿದ್ದರು. ಗಿರಣಿ ಮಾಲೀಕರ ಹೆಂಡತಿ ತೆಲುಗಿನಲ್ಲಿ, ಮುಖಕ್ಕೆ ಎಂಥ ಕಳೆ ಬಂದಿದೆ ಎಂದು ದೃಷ್ಟಿ ತೆಗೆದಳು. ಸೊರಗಿದ್ದೂ ಚಂದವೇ ಎಂದರು ಇನ್ನೊಬ್ಬರು. ದೊಡ್ಡವ್ವ ಖುಷಿಯಿಂದ ಬೀಗುತ್ತಿದ್ದಳು. ಯೋಚಿಸಿದರೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಮುಂದೆ ಕುರುಗೋಡಿನಲ್ಲಿ ಅವಳ ಅಣ್ಣನ ಮಗಳ ಮದುವೆ. ಅವಳ ತವರು ಹತ್ತಿರದ ಬಾದನಹಟ್ಟಿ, ಹೀಗಾಗಿ ಕಲ್ಯಾಣಮಂಟಪದ ತುಂಬ ಅವಳ ಕಡೆಯವರೇ. ಅಂದು ಅವಳು ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಮದುಮಗಳನ್ನು ಬಿಟ್ಟು ಎಲ್ಲರೂ ಅವಳನ್ನು ಸುತ್ತುವರಿದು, ಏನು ಹಚ್ಚುತ್ತೀ, ನಮಗೂ ಹೇಳು ಎಂದು ಕೇಳಿದರು. ಅವಳು ಹೇಳಿದಳು: ಕೆನೆ ಎಷ್ಟು, ಕಡಲೆಹಿಟ್ಟು ಎಷ್ಟು, ಎಷ್ಟು ಹೊತ್ತು ಬಿಡಬೇಕು. ಹೇಳುತ್ತಾ ಹೇಳುತ್ತಾ ಕಂಬಕ್ಕೆ ಒರಗಿದಳು, ವಾಂತಿ ಮಾಡಿಕೊಂಡಳು, ಅಲ್ಲೇ ಕುಸಿದಳು. ಯಾರದೋ ಜೀಪಿನಲ್ಲಿ ಬಳ್ಳಾರಿಗೆ ಕರೆದುಕೊಂಡು ಹೋದೆವು. ದೊಡ್ಡಪ್ಪ ಮುಂದೆ ಕೂತಿದ್ದ, ಹಿಂದೆ ದೊಡ್ಡವ್ವನ ತಲೆ ಅವ್ವನ ತೊಡೆಯ ಮೇಲಿತ್ತು, ಅವ್ವನ ಸೆರಗು ಬಿಡದೆ ನಾನೂ ಹತ್ತಿದ್ದೆ.

ಆಸ್ಪತ್ರೆಯಲ್ಲಿ ನರ್ಸಮ್ಮ ನೋಡಿದವಳೇ ಹಣೆ ಗಂಟಿಕ್ಕಿ, "ಇದೆಲ್ಲಾ ತೊಳೀರಿ ಮೊದ್ಲ. ಇಷ್ಟು ಬಳದ್ರ ಡಾಕ್ಟ್ರಿಗೇನು ಕಾಣತೈತಿ?" ಎಂದಳು. ಅವ್ವ ಬಟ್ಟಲಲ್ಲಿ ನೀರು ತಂದು ಸೋಪು ಹಚ್ಚಿ ತೊಳೆದಳು. ಪೌಡರು ಹೋಯಿತು, ಕುಂಕುಮ ಹೋಯಿತು, ಕಾಡಿಗೆ ಕರಗಿ ಗಲ್ಲಕ್ಕಿಳಿದು ಅದೂ ಹೋಯಿತು. ಹಳದಿ ಹೋಗಲಿಲ್ಲ. ಅವ್ವ ನೀರು ಬದಲಿಸಿ ಮತ್ತೆ ಸೋಪು ಹಚ್ಚಿದಳು. ಸೆರಗಿನಿಂದ ಉಜ್ಜಿದಳು. ವರ್ಷಗಟ್ಟಲೆ ನನ್ನ ಕಾಲರು ಉಜ್ಜಿದ ಕೈ ಅದು, ಅರಿಶಿಣ ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು ಅದಕ್ಕೆ ಗೊತ್ತಿತ್ತು. ಬಟ್ಟಲಿನ ನೀರು ತಿಳಿಯಾಗಿಯೇ ಉಳಿದದ್ದನ್ನು ಕಂಡು ಅವ್ವನ ಕೈ ನಿಂತಿತು. ಡಾಕ್ಟರು ಬಂದು ದೊಡ್ಡವ್ವನ ರೆಪ್ಪೆ ಜಗ್ಗಿ ನೋಡಿದರು. ಒಳಗೆ ಬಿಳಿ ಇರಬೇಕಾದ ಕಡೆಯೂ ಹಳದಿಯೇ. ಕಾಮಾಲೆ, ಭಾಳ ಮುಂದುವರಿದಿದೆ ಎಂದು ದೊಡ್ಡಪ್ಪನಿಗೆ ಹೇಳಿ, "ಯಾವಾಗಿಂದ ಹಿಂಗದಾರ?" ಎಂದು ಕೇಳಿದರು. ದೊಡ್ಡಪ್ಪ ಅವ್ವನ ಮುಖ ನೋಡಿದ. ಅವ್ವ ನೆಲ ನೋಡಿದಳು. ಒಂದೇ ಸೂರಿನಡಿ ಇದ್ದು, ದಿನಾ ಒಟ್ಟಿಗೆ ಉಂಡವರು ನಾವು.

ಆಸ್ಪತ್ರೆಯ ದಿನಗಳಲ್ಲಿ ದೊಡ್ಡವ್ವ ನೋವು ಎಂದದ್ದು ಕಡಿಮೆ. ನೋಡಲು ಬರುವವರ ಹೊತ್ತಾಗುತ್ತಿದ್ದಂತೆ ಪೌಡರ್ ಡಬ್ಬಿ ಎಲ್ಲಿ ಎಂದು ಅವ್ವನನ್ನು ಕಾಡುತ್ತಿದ್ದಳು. ನರ್ಸಮ್ಮ ಬೈಯುತ್ತಾಳೆ ಎಂದರೆ ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತಿದ್ದಳು. ಬಂದವರು ಅವಳ ಬೆನ್ನು ನೋಡಿಕೊಂಡು ಹೋಗುತ್ತಿದ್ದರು. ನನಗೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಎಬ್ಬಿಸಿ ಕೂರಿಸಿ ಜಗ್ಗಾಡಬೇಕು ಅನ್ನಿಸುತ್ತಿತ್ತು. ಸಾಯುವವಳ ಮೇಲೂ ಸಿಟ್ಟು ಬರುತ್ತದೆ, ಪ್ರೀತಿ ಇದ್ದರೆ ಹೆಚ್ಚೇ ಬರುತ್ತದೆ. ಸಂಕ್ರಾಂತಿಗೆ ಮೊದಲೇ ಅವಳು ಹೋದಳು.

ಸಿರುಗುಪ್ಪಕ್ಕೆ ತಂದು ಪಡಸಾಲೆಯಲ್ಲಿ ಕೂರಿಸಿದಾಗ ಅಜ್ಜಿ ಬಟ್ಟಲಲ್ಲಿ ಅರಿಶಿಣ ಕಲಸಿಕೊಂಡು ಬಂದಳು. ಮುತ್ತೈದೆಯನ್ನು ಅರಿಶಿಣವಿಲ್ಲದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಜನ್ಮದಲ್ಲಿ ಅತ್ತೆಗೆ ಎದುರು ಮಾತಾಡದ ಅವ್ವ ಬಟ್ಟಲಿಗೆ ಅಡ್ಡ ಕೈ ಹಿಡಿದಳು. "ಬ್ಯಾಡ್ರಿ ಅತ್ತಿ. ಮುಖಕ್ಕ ಬ್ಯಾಡ. ಈಗರೆ ನಮ್ಮಕ್ಕನ್ನ ನೋಡೂನು." ಹೆಂಗಸರು ಗುಸುಗುಸು ಎಂದರು. ಅಜ್ಜಿ ಕಷ್ಟಪಟ್ಟು ಮೊಣಕಾಲೂರಿ, ತನಗಿಂತ ಕಿರಿಯಳಾದ ಹಿರಿಸೊಸೆಯ ಪಾದಗಳಿಗೆ ಅರಿಶಿಣ ಹಚ್ಚಿದಳು. ಮುಖವನ್ನು ಮುಟ್ಟಲಿಲ್ಲ.

ಅಲ್ಲಿಂದ ಅವ್ವನಿಗೊಂದು ಚಟ ಹತ್ತಿತು. ಬೆಳಿಗ್ಗೆ ಎದ್ದು ಬಂದ ಕೂಡಲೇ ನನ್ನ ಗದ್ದ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ಕಣ್ಣ ಕೆಳಗಿನ ರೆಪ್ಪೆ ಜಗ್ಗಿ ನೋಡುವುದು. ನೋಡಿ, "ಬಿಳಿ ಐತಿ, ಹೋಗು" ಎನ್ನುವುದು. ಅಪ್ಪ, ದೊಡ್ಡಪ್ಪ, ದೊಡ್ಡವ್ವನ ಗಂಡುಮಕ್ಕಳು, ಕೊನೆಗೆ ಅಜ್ಜಿ, ಯಾರೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಕಾಲೇಜಿನ ಬಸ್ಸಿಗೆ ಹೊತ್ತಾಗಿ ನಾನು ಚೀರಾಡಿದರೂ ಬಿಡಲಿಲ್ಲ. ನನ್ನ ಮದುವೆಯ ದಿನ ಮೇಕಪ್ಪಿನವಳು ಐಲೈನರ್ ಹಚ್ಚಿ ಮುಗಿಸಿದ್ದೇ ತಡ, ಬಂದು ರೆಪ್ಪೆ ಜಗ್ಗಿ ಎಲ್ಲ ಕೆಡಿಸಿದಳು. ಮೊದಲ ಸಲ ಮನೆಗೆ ಬಂದ ಅಳಿಯನನ್ನೂ ಹೊಸ್ತಿಲಲ್ಲೇ ನಿಲ್ಲಿಸಿ ಕಣ್ಣು ನೋಡಿದಳು. ಅವರು ಇದೇನೋ ನಮ್ಮ ಮನೆಯ ಶಾಸ್ತ್ರವಿರಬೇಕು ಅಂದುಕೊಂಡು ತಲೆ ತಗ್ಗಿಸಿ ತೋರಿಸಿದರು. ನಾಚಿಕೆಯಿಂದ ನಾನು ಎರಡು ದಿನ ಅವ್ವನ ಜೊತೆ ಮಾತು ಬಿಟ್ಟಿದ್ದೆ.

ಅವ್ವ ತೀರಿಕೊಂಡ ಮೇಲೆ ಆ ಮನೆ ಮಾರಿದೆವು. ಈಗ ಅಲ್ಲಿ ಗಿರಣಿಯ ಗೋದಾಮು ಇದೆ. ನನ್ನ ಕನ್ನಡಿಯ ಮುಂದೆ ಮಗಳು ಕೊಡಿಸಿದ ಸೀರಮ್ಮು, ಸನ್‌ಸ್ಕ್ರೀನು, ರಾತ್ರಿಗೊಂದು ಹಗಲಿಗೊಂದು ಕ್ರೀಮು ಸಾಲಾಗಿ ನಿಂತಿವೆ. ಅವಳು ಹೇಳಿದ ಕ್ರಮದಲ್ಲೇ ಎಲ್ಲವನ್ನೂ ಹಚ್ಚಿಕೊಳ್ಳುತ್ತೇನೆ. ಕೊನೆಗೆ ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ ನಾನೇ ರೆಪ್ಪೆ ಜಗ್ಗಿ ನೋಡಿಕೊಳ್ಳುತ್ತೇನೆ. ಬಿಳಿ ಇದೆ, ನನಗೂ ಕಾಣುತ್ತದೆ. ಆದರೂ ಹೋಗು ಎನ್ನುವವರಿಲ್ಲದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತೇನೆ.