ಪಂಪಿನ ಮುಂದೆ ಕೇಳಿದ ಕನ್ನಡ

“ತಂಗೀ, ಹಿಂದ ಸರಿ!” ಎಂಬ ಕೂಗು ಕಿವಿಗೆ ಬೀಳುವಷ್ಟರಲ್ಲಿ ಯಾರೋ ನನ್ನ ತೋಳು ಹಿಡಿದು ಎಳೆದರು. ಮರುಕ್ಷಣವೇ ಪಂಪಿನ ಸೀಲ್ ಒಡೆದು, ನಾನು ನಿಂತಿದ್ದ ಜಾಗಕ್ಕೆ ಸುಡುಸುಡುವ ಸಕ್ಕರೆ ಪಾಕ ಚಿಮ್ಮಿತು.

ಆಂಧ್ರಪ್ರದೇಶ ಇನ್ನೂ ಒಂದೇ ಆಗಿದ್ದ ಕಾಲವದು. ಹೈದರಾಬಾದಿನ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಯೊಂದರ ಎಂಜಿನಿಯರ್ ನಾನು. ಅಂದು ಬೆಳಗಿನ ಚಳಿಗೆ ಸಿರಪ್ಪಿನ ಪಾಕ ಪೈಪಿನಲ್ಲಿ ಗಟ್ಟಿಯಾಗಿತ್ತು. ನೀರಿನಂಥ ತೆಳು ದ್ರವಕ್ಕೆ ಒಗ್ಗುವ ಸೆಂಟ್ರಿಫ್ಯೂಗಲ್ ಪಂಪ್ ಅದನ್ನು ಮುಂದಕ್ಕೆ ತಳ್ಳಲಾರದೆ, ಒಳಗೊಳಗೇ ಕಡೆಯುತ್ತ ಕಾದುಹೋಗಿತ್ತು. ಸದ್ದು ಬದಲಾಗಿದ್ದರಿಂದ ನಾನು ಬಗ್ಗಿ ನೋಡುತ್ತಿದ್ದೆ.

ನನ್ನನ್ನು ಎಳೆದವರು ಹಿರಿಯ ಆಪರೇಟರ್ ಶಂಕರ್. ಓಡಿಹೋಗಿ ಪಂಪಿನ ಸ್ವಿಚ್ ಆಫ್ ಮಾಡಿ ಬಂದರು. ಪಾಕ ಸಿಡಿದು ಅವರ ಮುಂಗೈ ಕೆಂಪಾಗಿತ್ತು. ಅದರ ಮೇಲೆ ತಣ್ಣೀರು ಸುರಿಯುವಾಗ ನನಗೆ ಹೊಳೆಯಿತು: ಇಷ್ಟು ವರ್ಷ ನನ್ನೊಡನೆ ತೆಲುಗಿನಲ್ಲೇ ಮಾತಾಡಿದ ಈ ಮನುಷ್ಯ ಕೂಗಿದ್ದು ಕನ್ನಡದಲ್ಲಿ.

“ನೀವೂ ಕನ್ನಡದವರೇನ್ರಿ?” ಎಂದೆ.

ಅವರು ನೋವು ಮರೆತು ನನ್ನನ್ನೇ ನೋಡಿದರು. “ಹೌದ್ರಿ, ಬೀದರ ಕಡೆಯವರು. ಮನ್ಯಾಗಷ್ಟ ಮಾತಾಡ್ತೀವಿ. ಅಂಜಿಕಿಗೆ ಬಾಯಾಗ ಅದ ಬಂತು ನೋಡ್ರಿ.”

ಮುಂದೆ ಆ ಜಾಗಕ್ಕೆ ಗಟ್ಟಿ ದ್ರವ ತಳ್ಳಬಲ್ಲ ಗೇರ್ ಪಂಪ್ ಬಂತು. ಶಂಕರ್ ಅವರ ಮುಂಗೈಯಲ್ಲಿ ಕಲೆ ಉಳಿಯಿತು. ಸಂಜೆ ಮೆಹದಿಪಟ್ಟಣಂ ಬಸ್ಸಿಗೆ ಕಾಯುವಾಗ ನಾವಿಬ್ಬರೂ ಗಟ್ಟಿ ದನಿಯಲ್ಲೇ ಕನ್ನಡ ಮಾತಾಡತೊಡಗಿದೆವು. ಹೈದರಾಬಾದಿನಲ್ಲೇ ಹುಟ್ಟಿ ಬೆಳೆದ ನನಗೆ, ಮನೆಯ ಹೊರಗೆ ಅದು ಮೊದಲ ಸಲ.