ಕೆಂಪು ಸೇತುವೆಯ ಎರಡು ಒಲೆಗಳು

ಜಪಾನಿನ ತಕಾಯಾಮ ಊರಿನ ಕೆಂಪು ಸೇತುವೆಯ ಈ ತುದಿಗೊಂದು ದಾಂಗೋ ಒಲೆ, ಆ ತುದಿಗೊಂದು. ನಡುವೆ ಮಿಯಾಗಾವಾ ನದಿ. ಈಚೆಯದು ಹೊರಾಗುಚಿ ಮನೆತನದ ಮುದುಕಿ ಕಿನುವಿನದು. ಆಚೆಯದು ಅದೇ ಮನೆಯಿಂದ ಹೊರಬಿದ್ದ ಸೊಸೆ ಹಿಸಾಯೆಯದು. ಇಬ್ಬರೂ ಮಾಡುತ್ತಿದ್ದದ್ದು ಒಂದೇ ತಿನಿಸು. ಅಕ್ಕಿಹಿಟ್ಟು ಬೇಯಿಸಿ, ಕುಟ್ಟಿ, ಉಂಡೆ ಕಟ್ಟಿ, ಬಿದಿರುಕಡ್ಡಿಗೆ ಐದೈದು ಪೋಣಿಸಿ, ಕೆಂಡದ ಮೇಲೆ ಸುಟ್ಟು, ಸೋಯಾ ರಸದಲ್ಲಿ ಅದ್ದಿ ಮತ್ತೆ ಸುಡುವುದು. ಸಕ್ಕರೆಯ ಸೋಂಕೂ ಇಲ್ಲ. ಬೇರೆ ಊರಿನವರು ಸಿಹಿಪಾಕ ಸುರಿದುಕೊಂಡು ತಿಂದರೆ ಅದು ಅವರ ಹಣೆಬರಹ. ಈ ಊರಿನ ದಾಂಗೋ ಎಂದರೆ ಉಪ್ಪು, ಹೊಗೆ, ಸುಟ್ಟ ಸೋಯಾದ ಘಮ, ಅಷ್ಟೆ.

ಹಿಸಾಯೆ ಗಣಿಯೂರು ಕಾಮಿಯೋಕಾದವಳು. ಅಪ್ಪ ಸತುವಿನ ಗಣಿಯಲ್ಲಿ ಕೆಲಸಕ್ಕಿದ್ದ. ಮದುವೆಯಾಗಿ ಬಂದಾಗ ಅವಳಿಗೆ ಇಪ್ಪತ್ತರ ಆಸುಪಾಸು. ಗಂಡ ತಾತ್ಸುಯೊ ಬಿಳಿಚಿಕೊಂಡ, ಮಾತು ಕಮ್ಮಿಯ ಗಂಡಸು. ಅವನ ಪಾಲಿನ ಮಾತನ್ನೂ ಅವನಮ್ಮನೇ ಆಡಿ ಮುಗಿಸುತ್ತಿದ್ದಳು. ಸೊಸೆಯನ್ನು ಕಿನು ಹೆಸರು ಹಿಡಿದು ಕರೆದದ್ದೇ ಇಲ್ಲ.

"ಏ ಗಣಿಯವಳೇ, ಬೀಸೋದು ಅಂದ್ರೆ ಬೀಸೋದು. ಬೀಸಣಿಗೆ ಹಿಡ್ಕೊಂಡು ತೂಕಡಿಸೋದಲ್ಲ."

ಕೆಂಡ ಬೀಸುವುದು, ಹಿಟ್ಟು ಕುಟ್ಟುವುದು, ಬೂದಿ ಎತ್ತುವುದು ಸೊಸೆಯ ಪಾಲು. ಸೋಯಾ ರಸದ ಜಾಡಿ ಮುಟ್ಟುವಂತಿರಲಿಲ್ಲ. ಆ ಜಾಡಿ ಕಿನುವಿನ ಅತ್ತೆಯ ಕಾಲದಿಂದ ಬರಿದಾದದ್ದಿಲ್ಲ. ತಳದಲ್ಲಿ ಹಳೆಯದು ಇರುವಾಗಲೇ ಮೇಲೆ ಹೊಸದನ್ನು ಹೊಯ್ಯುತ್ತ ಬಂದಿದ್ದರು. ಒಮ್ಮೆ ಹಿಸಾಯೆ ಮರೆತು ಅದರ ಮುಚ್ಚಳ ತೆಗೆದಾಗ ಕಿನು ಬಿಸಿ ಕಡ್ಡಿಯಿಂದ ಅವಳ ಕೈಯ ಹಿಂಬದಿಗೆ ಬಾರಿಸಿದ್ದಳು. ತಾತ್ಸುಯೊ ಅಲ್ಲೇ ಇದ್ದ. ಇದ್ದಿಲು ಎಣಿಸುವವನ ಹಾಗೆ ತಲೆ ತಗ್ಗಿಸಿದ್ದ.

ಒಂದು ಶರತ್ಕಾಲದ ಹಬ್ಬಕ್ಕೆ ಕಿನು ಜ್ವರ ಬಂದು ಮಲಗಿದಳು. ಬೇರೆ ದಾರಿಯಿಲ್ಲದೆ ಒಲೆ ಸೊಸೆಯ ಕೈಗೆ ಬಂತು. ಹಬ್ಬ ಕಳೆದು, ಕಿನು ಎದ್ದು ಕೂತ ದಿನವೇ ಹುಲ್ಲುಚಾಪೆ ಹೊಲಿಯುವ ಮೊಕಿಚಿ ಬಂದ. ಅವನ ಅಂಗಡಿ ಸೇತುವೆಯ ಆಚೆ ತುದಿಯಲ್ಲಿತ್ತು. ಮನಸ್ಸಿನಲ್ಲಿದ್ದದ್ದು ನಾಲಿಗೆಗೆ ಬರುವ ಜಾತಿಯವನು.

"ಕಿನು, ನಿನ್ನ ಸೊಸೆ ಕೈ ಚೆನ್ನಾಗಿದೆ ಕಣೆ. ಮೊನ್ನೆ ಹಬ್ಬದಲ್ಲಿ ತಿಂದಿದ್ದು ನಿನ್ನದಕ್ಕಿಂತ ಮೆತ್ತಗಿತ್ತು."

ಅವನಿರುವ ತನಕ ಕಿನು ನಗುತ್ತಲೇ ಇದ್ದಳು. ಅವನು ಬೆನ್ನು ತಿರುಗಿಸಿದ್ದೇ ತಡ, ಸೊಸೆ ಬೆಳಗಿನಿಂದ ಕುಟ್ಟಿಟ್ಟ ಹಿಟ್ಟನ್ನು ಬುಟ್ಟಿಸಮೇತ ಎತ್ತಿ ನದಿಗೆ ಸುರಿದಳು.

"ಮೀನು ತಿನ್ಲಿ. ಅವಕ್ಕೆ ನಾಲಿಗೆ ಇಲ್ಲ."

ಆಮೇಲೆ ಮನೆಯಲ್ಲಿ ಹೊಗೆಯಾಡಿದ್ದೇ ಆಡಿದ್ದು. ಚಳಿಗಾಲ ಶುರುವಾಗುವ ಹೊತ್ತಿಗೆ ಅದು ಹತ್ತಿಕೊಂಡಿತು. ಬೆಳಿಗ್ಗೆ ಕಿನು ಜಾಡಿಗೆ ಬೆರಳದ್ದಿ ನೆಕ್ಕಿ ನೋಡಿದಳು. ಮುಖ ಕಪ್ಪಿಟ್ಟಿತು. ರಸ ಸಿಹಿಯಾಗಿತ್ತು.

"ಸಕ್ಕರೆ! ನನ್ನತ್ತೆ ಜಾಡಿಗೆ ಸಕ್ಕರೆ ಹಾಕಿದೀಯ! ಹೊಟ್ಟೇಲಿ ಒಂದು ಹುಳ ಹುಟ್ಲಿಲ್ಲ, ಈಗ ಮನೆ ಹೆಸರಿಗೂ ಮಣ್ಣು ಹಾಕ್ತೀಯ?"

"ನಾನು ಮುಟ್ಟಿಲ್ಲ ಅತ್ತೆ."

"ಮತ್ತೆ ನದಿ ದೇವರು ಬಂದು ಹಾಕಿದ್ನಾ? ತಾತ್ಸುಯೊ, ನೀನೇ ಹೇಳೋ. ಯಾರು ಹಾಕಿದ್ದು?"

ತಾತ್ಸುಯೊ ಬೂದಿ ಕೆದಕುತ್ತ ನಿಂತ. ಹಿಸಾಯೆ ಅವನ ಬಾಯನ್ನೇ ನೋಡಿದಳು. ಆ ಬಾಯಿ ತೆರೆಯಲಿಲ್ಲ. ಸಂಜೆಯೊಳಗೆ ಅವಳ ಬಟ್ಟೆಯ ಗಂಟು ಹೊಸಿಲಾಚೆ ಬಿದ್ದಿತ್ತು.

ತವರಿಗೆ ಹೋಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಹೋದದ್ದು ಸೇತುವೆ ದಾಟಿ ಮೊಕಿಚಿಯ ಅಂಗಡಿಗೆ.

"ನಿಮ್ಮ ಮಾತಿಂದ ನನ್ನ ಸಂಸಾರ ಹೋಯ್ತು. ನಿಮ್ಮ ಸೂರಿನ ಕೆಳಗೆ ಒಂದು ಒಲೆಗೆ ಜಾಗ ಕೊಡಿ."

ಮೊಕಿಚಿ ತಲೆ ಕೆರೆದುಕೊಂಡ. "ಕಿನು ನನ್ನನ್ನ ಜೀವಸಹಿತ ಬಿಡಲ್ಲಮ್ಮ," ಎಂದ. ಆದರೂ ಮುಂದಿನ ಚಾಪೆಗಳನ್ನು ಒಳಗೆಳೆದು ಜಾಗ ಮಾಡಿಕೊಟ್ಟ.

ಹಿಮ ಕರಗುವ ಮೊದಲೇ ಎರಡನೆಯ ಒಲೆ ಹೊತ್ತಿತು. ಅಲ್ಲಿಂದ ಶುರುವಾದದ್ದಕ್ಕೆ ವ್ಯಾಪಾರ ಎನ್ನುವುದಕ್ಕಿಂತ ಯುದ್ಧ ಎನ್ನುವುದೇ ಸರಿ. ಕಿನು ಬಂದವರಿಗೆಲ್ಲ, "ಅಲ್ಲಿ ತಿನ್ನೋದಾದ್ರೆ ತಿನ್ನಿ, ಗಣಿ ಕಲ್ಲುಪುಡಿ ಬೆರೆಸಿರ್ತಾಳೆ, ಹಲ್ಲು ಜೋಪಾನ," ಎನ್ನುತ್ತಿದ್ದಳು. ಹಿಸಾಯೆ ಆಚೆಯಿಂದ ಕೂಗುತ್ತಿದ್ದಳು: "ಬನ್ನಿ, ಬಿಸಿ ಬಿಸಿ ದಾಂಗೋ! ಬೈಗುಳ ಇಲ್ಲದ ದಾಂಗೋ!" ಮಾಗಿಯ ಮುಂಜಾವುಗಳಲ್ಲಿ ಹಿಸಾಯೆಯ ಒಲೆಯ ಮುಂದೆ ಯಾರೋ ನೀರು ಚೆಲ್ಲಿ ಹೋಗಿರುತ್ತಿದ್ದರು. ಅದು ಗಾಜಿನಂತೆ ಹೆಪ್ಪುಗಟ್ಟಿ, ಗಿರಾಕಿಗಳು ಜಾರಿ ಬೀಳುತ್ತಿದ್ದರು. ಹಿಸಾಯೆ ತನ್ನ ಒಲೆಯ ಬೂದಿಯನ್ನು ಹೊತ್ತು, ಗಾಳಿ ಈಚೆಗೆ ಬೀಸುವಾಗಲೇ ಸೇತುವೆಯ ಮೇಲೆ ಕೊಡವುತ್ತಿದ್ದಳು. ಕೇರಿಯ ಹಿರಿಯರು ಒಮ್ಮೆ ಇಬ್ಬರನ್ನೂ ಕೂರಿಸಿ ಚಹಾ ಕೊಟ್ಟು ರಾಜಿ ಮಾಡಿಸಲು ನೋಡಿದರು. ಕಿನು ಚಹಾ ಕುಡಿದಳು, ರಾಜಿ ಒಲ್ಲೆ ಎಂದಳು. ಹಿಸಾಯೆ ಚಹಾವನ್ನೂ ಮುಟ್ಟಲಿಲ್ಲ.

ಹೀಗೆ ವರ್ಷಗಳು ಉರುಳಿದವು. ಮೊಕಿಚಿ ತೀರಿಕೊಂಡ. ಅವನ ಮಕ್ಕಳು ಹಿಸಾಯೆಯನ್ನು ಏಳಿಸಲಿಲ್ಲ. ಮತ್ತೆ ಮದುವೆಯಾಗು ಎಂದವರಿಗೆ ಅವಳು, "ಪುರುಸೊತ್ತಿಲ್ಲ," ಎನ್ನುತ್ತಿದ್ದಳು. ಅದು ನಿಜವೇ. ಬೆಳಿಗ್ಗೆ ಕಣ್ಣು ಬಿಟ್ಟೊಡನೆ ಅವಳು ನೋಡುತ್ತಿದ್ದದ್ದು ನದಿಯಾಚೆ ಹೊಗೆ ಎದ್ದಿದೆಯೇ ಎಂದು. ಎದ್ದಿದ್ದರೆ ಮೈಯಲ್ಲಿ ಕಸುವು ಬರುತ್ತಿತ್ತು. ಹಗೆಯೇ ಅವಳ ಬೆಳಗಿನ ಗಂಜಿಯಾಗಿತ್ತು.

ಅಷ್ಟರಲ್ಲಿ ಟೋಕಿಯೋ ಕಡೆಯ ಪ್ರವಾಸಿಗಳು ರೈಲು ತುಂಬಿ ಬರತೊಡಗಿದರು. ಕಿನುವಿಗೆ ಕಣ್ಣು ಮಂಜಾಗಿ, ಕೈ ನಡುಗಿ, ಉಂಡೆಗಳು ಸೀದುಹೋಗುತ್ತಿದ್ದವು. ತಾತ್ಸುಯೊ ಒಲೆಯ ಮುಂದೆ ಕೂತ. ಕೂತ ಕೆಲವೇ ದಿನಕ್ಕೆ ದಾಂಗೋ ಮೇಲೆ ಜೇನಿನಂತೆ ಮಂದವಾದ ಸಿಹಿಪಾಕ ಸುರಿಯತೊಡಗಿದ. ಪ್ರವಾಸಿಗಳು ಸಾಲುಗಟ್ಟಿದರು. ಕಿನು ಕೋಲೂರಿಕೊಂಡು ಬಂದು ಪಾಕದ ಪಾತ್ರೆಗೆ ಬೆರಳದ್ದಿ ಬಾಯಿಗಿಟ್ಟಳು. ಆ ರುಚಿ ಅವಳ ನಾಲಿಗೆಗೆ ಹೊಸದಾಗಿರಲಿಲ್ಲ.

"ಅವತ್ತು ಜಾಡಿಗೆ ಹಾಕಿದ್ದು ನೀನು."

"ಏನೋ ಹೊಸ ರುಚಿ ನೋಡೋಣ ಅಂತ... ಈಗ ಯಾಕಮ್ಮ ಅದೆಲ್ಲ? ಜನ ನಿಂತಿದಾರೆ," ಎಂದ ತಾತ್ಸುಯೊ.

ಕಿನು ಕೋಲಿನಿಂದ ಪಾತ್ರೆಯನ್ನು ಬೀದಿಗೆ ಕೆಡವಿದಳು. ಮಗ ಅವಳನ್ನು ರಟ್ಟೆ ಹಿಡಿದು ಮನೆಯೊಳಗೆ ಕೂರಿಸಿ ಬಂದ.

ಮರುದಿನ ಅವಳು ಸೇತುವೆ ದಾಟಿದಳು. ವರ್ಷಗಳಿಂದ ಅವಳು ಆ ಕಡೆಗೆ ಕಾಲಿಟ್ಟದ್ದನ್ನು ಯಾರೂ ಕಂಡಿರಲಿಲ್ಲ, ಹಾಗಾಗಿ ನದಿದಂಡೆಯ ಸಂತೆಯ ತರಕಾರಿಯವರೆಲ್ಲ ಕೈ ಕೆಲಸ ಬಿಟ್ಟು ನೋಡಿದರು. ಕಿನು ಹಿಸಾಯೆಯ ಒಲೆಯ ಮುಂದೆ ಬಂದು ನಿಂತಳು.

"ಒಂದು ಕಡ್ಡಿ ಕೊಡು."

"ಕಲ್ಲುಪುಡಿ ಇರುತ್ತೆ. ಹಲ್ಲು ಜೋಪಾನ."

"ಇದ್ರೆ ತಾನೇ ಜೋಪಾನ ಮಾಡೋದು. ಕೊಡು."

ಮುದುಕಿ ನಿಂತೇ ಒಸಡಿನಲ್ಲಿ ಬಹಳ ಹೊತ್ತು ಜಗಿದಳು. ನುಂಗಿ ಹೇಳಿದಳು: "ಹಿಟ್ಟು ಹದಕ್ಕೆ ಬಂದಿಲ್ಲ, ಇನ್ನೂ ಕುಟ್ಟಬೇಕಿತ್ತು. ರಸಕ್ಕೆ ಒಂದೇ ಸಲ ಅದ್ದಿದೀಯ. ಸೋಮಾರಿ."

"ಎರಡು ಸಲ ಅದ್ದಿದೀನಿ. ನಿಮ್ಮ ನಾಲಿಗೆ ಸತ್ತಿದೆ."

ಕಿನು ಖಾಲಿ ಕಡ್ಡಿಯನ್ನು ನೋಡುತ್ತ, ಬೇರೆ ಯಾರಿಗೋ ಹೇಳುವಂತೆ ಹೇಳಿದಳು: "ಅವತ್ತು ಸಕ್ಕರೆ ಹಾಕಿದ್ದು ನೀನಲ್ಲ."

"ಅಲ್ಲ ಅಂತ ಅವತ್ತೇ ಹೇಳಿದ್ದೆ."

"ಜೋರಾಗಿ ಹೇಳಬೇಕಿತ್ತು."

ಹಿಸಾಯೆಯ ಮೈಯೆಲ್ಲ ಉರಿಯಿತು. ಕ್ಷಮೆಯ ಒಂದು ಮಾತು ಬಂದಿದ್ದರೆ ಏನಾಗುತ್ತಿತ್ತೋ, ಬರಲಿಲ್ಲ. ಅವಳು ಬೀಸಣಿಗೆ ಎತ್ತಿ ಕೆಂಡದ ಹೊಗೆಯನ್ನೆಲ್ಲ ಮುದುಕಿಯ ಮುಖಕ್ಕೆ ಬೀಸಿದಳು. ಕಿನು ಕೆಮ್ಮಿದಳು. ಆದರೆ ಜಾಗ ಬಿಟ್ಟು ಕದಲಲಿಲ್ಲ.

"ಬೀಸೋದು ಮಾತ್ರ ಕಲ್ತಿದೀಯ," ಎಂದಳು.

ಆಮೇಲೆ ದಿನವೂ ಬಂದಳು. ದಿನವೂ ಒಂದು ಹೊಸ ತಪ್ಪು. ಉಂಡೆ ದೊಡ್ಡದು, ಕೆಂಡ ಸಣ್ಣದು, ಕಡ್ಡಿ ಒರಟು. ಹಿಸಾಯೆ ಅವಳಿಗೆ ಕೂರಲು ಒಂದು ಮಣೆಯನ್ನೂ ಕೊಡಲಿಲ್ಲ, ಒಂದು ಯೆನ್ನನ್ನೂ ಬಿಡಲಿಲ್ಲ. ಇಬ್ಬರೂ ಕಚ್ಚಾಡುವುದನ್ನು ಕೇಳಲೆಂದೇ ಕೆಲವರು ಅಲ್ಲಿ ದಾಂಗೋ ತಿನ್ನುತ್ತಿದ್ದರು. ಒಬ್ಬರಿಗೊಬ್ಬರು ಒಳ್ಳೆಯ ಮಾತಾಡಿದ್ದನ್ನು ಕಂಡವರಿಲ್ಲ.

ಹಿಮ ಬಿದ್ದ ಒಂದು ಬೆಳಿಗ್ಗೆ ಮುದುಕಿಯ ಬದಲು ತಾತ್ಸುಯೊ ಬಂದ. ಅಮ್ಮ ಹೋದಳು ಎಂದ. ಅಲ್ಲಿನ ವಾಡಿಕೆಯಂತೆ ಹೆಣದ ತಲೆದಿಂಬಿನ ಬಳಿ ಇಡಲು ಬಿಳಿ ದಾಂಗೋ ಬೇಕಿತ್ತು.

"ನೀನೇ ಮಾಡ್ಕೊಡಬೇಕಂತೆ. ಅಮ್ಮ ಹೇಳಿದ್ಲು."

"ಏನು ಹೇಳಿದ್ರು? ಹೇಳಿದ್ದನ್ನ ಹೇಳಿದ ಹಾಗೇ ಹೇಳು." ಮದುವೆಯಾಗಿದ್ದಾಗ ಅವಳು ಅವನನ್ನು 'ನೀವು' ಎನ್ನುತ್ತಿದ್ದಳು.

ಅವನು ತಡವರಿಸಿದ. "'ನಿನ್ನ ಸಿಹಿ ಉಂಡೆ ಇಟ್ರೆ ಎದ್ದು ಬಂದು ಒದೀತೀನಿ. ಆ ಗಣಿಯವಳ ಹತ್ರ ಮಾಡ್ಸು. ಅವಳದ್ದೂ ಅಂಥ ಚೆನ್ನಾಗೇನಿರಲ್ಲ, ಆದ್ರೆ ಮೋಸ ಇರಲ್ಲ' ಅಂದ್ಲು."

ಹಿಸಾಯೆ ಗಿರಾಕಿಗಳನ್ನು ಕಳಿಸಿ ಹಿಟ್ಟು ಕಲಸಿದಳು. ಕುಟ್ಟುವಾಗ ಬಾಯಿ ತುಂಬ ಬೈದಳು. ಹಿಟ್ಟು ನದಿಗೆ ಸುರಿದದ್ದಕ್ಕೆ, ಬಿಸಿ ಕಡ್ಡಿಗೆ, ಬಂಜೆ ಎಂದದ್ದಕ್ಕೆ, ಜೋರಾಗಿ ಹೇಳಬೇಕಿತ್ತು ಎಂದದ್ದಕ್ಕೆ. ಉಂಡೆಗಳನ್ನು ಸುಡಲಿಲ್ಲ, ರಸ ಮುಟ್ಟಿಸಲಿಲ್ಲ. ಬೆಳ್ಳಗೆ ಬೇಯಿಸಿ, ತಟ್ಟೆಯಲ್ಲಿ ಗೋಪುರವಾಗಿ ಜೋಡಿಸಿ, ತಾನೇ ಹಿಡಿದು ಸೇತುವೆ ದಾಟಿದಳು. ಹೊಸಿಲು ಮಾತ್ರ ತುಳಿಯಲಿಲ್ಲ. ಹೊರಗೇ ನಿಂತು ತಟ್ಟೆ ಕೊಟ್ಟಳು. ಒಳಗೆ ಬಿಳಿ ಬಟ್ಟೆ ಮುಚ್ಚಿದ ಮುಖ ಇಷ್ಟೇ ಇಷ್ಟು ಕಂಡಿತು. ಅವಳಿಗೆ ಅಳು ಬರಲಿಲ್ಲ. ಬೈಯಲು ಇನ್ನೂ ಉಳಿದಿತ್ತು, ಕೇಳುವವಳಿರಲಿಲ್ಲ.

ಸೂತಕ ಕಳೆದ ಮೇಲೆ ತಾತ್ಸುಯೊ ಮತ್ತೆ ಬಂದ, ಹೊಸ ಕೋಟು ಹಾಕಿಕೊಂಡು.

"ಆಗಿದ್ದು ಆಗೋಯ್ತು. ಮನೆಗೆ ಬಂದ್ಬಿಡು. ಒಂದೇ ಒಲೆ ಮಾಡೋಣ. ಸಿಹಿ ನಾನು ನೋಡ್ಕೋತೀನಿ, ಸೋಯಾ ನೀನು."

ಹಿಸಾಯೆ ಕಡ್ಡಿಗಳನ್ನು ತಿರುವುತ್ತಲೇ ಇದ್ದಳು.

"ನಿಮ್ಮಮ್ಮನ ಜೊತೆ ಜಗಳ ಆಡೋಕೆ ಒಂದು ಅರ್ಥ ಇತ್ತು. ನಿನ್ನ ಜೊತೆ ಜಗಳ ಆಡೋಕೂ ನಂಗೆ ಅಸಹ್ಯ. ಸರ್ಕೋ, ಗಿರಾಕಿ ನಿಂತಿದಾರೆ."

ಅವನ ಹಿಂದೆ ಯಾರೂ ನಿಂತಿರಲಿಲ್ಲ. ಆದರೂ ಅವನು ಸರಿದ.

ಅವಳು ಇನ್ನೂ ಹಲವು ಚಳಿಗಾಲ ಅಲ್ಲೇ ಒಲೆ ಹೊತ್ತಿಸಿದಳು. ವಯಸ್ಸಾದಂತೆ ಬಾಯಿ ಇನ್ನಷ್ಟು ಹರಿತವಾಯಿತು. ಸಿಹಿ ದಾಂಗೋ ಇದೆಯಾ ಎಂದು ಕೇಳಿದ ಪ್ರವಾಸಿಯ ಕೈಯಲ್ಲಿ ಆಗಲೇ ಕೊಟ್ಟಿದ್ದ ಕಡ್ಡಿಯನ್ನೂ ಕಿತ್ತುಕೊಂಡು, "ಆ ತುದಿಗೆ ಹೋಗು, ಅಲ್ಲಿ ನೆಕ್ಕು," ಎಂದು ಅಟ್ಟುತ್ತಿದ್ದಳು.